ಆ ಪಟದಲ್ಲಿದ್ದವನು ಯಾರು?

ಮಂಡ್ಯ ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಮಳವಳ್ಳಿ ಬಸ್ಸಿನ ಕಿಟಕಿ ಸೀಟು ಹಿಡಿದು ಕೂತಿರೋ ಗುರುವೇ, ಕಂಡಕ್ಟರ್ ಟಿಕೆಟ್ ಕೇಳೋದಕ್ಕೆ ಮುಂಚೆ ನನ್ನದೊಂದು ಪ್ರಶ್ನೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ 1972ರಲ್ಲಿ ಬಂತು. ಅದರಲ್ಲಿ ನಮ್ಮ ಅಂಬರೀಶ್ ಮಾಡಿದ ಪಾತ್ರದ ಹೆಸರೇನು?

ನಕ್ಕುಬಿಟ್ಟಿರಿ. ‘ಜಲೀಲ ಅಂತ ನಮ್ಮೂರ ಎಮ್ಮೆ ಕರುವಿಗೂ ಗೊತ್ತು ಕಣಯ್ಯ, ಇದನ್ನೂ ಒಂದು ಪ್ರಶ್ನೆ ಅಂತ ಕೇಳ್ತೀಯಲ್ಲ’ ಅಂದಿರಿ. ಸರಿ ಸ್ವಾಮಿ. ಇವತ್ತಿನ ನನ್ನ ಕಥೆ ಇರೋದೇ ಸುಲಭದ ಪ್ರಶ್ನೆ ಮೇಲೆ. ಕಷ್ಟದ ಪ್ರಶ್ನೆ ಯಾರನ್ನೂ ಹಾಳು ಮಾಡಿದ್ದನ್ನ ನಾನು ಕಂಡಿಲ್ಲ. ಗೊತ್ತಿಲ್ಲ ಅಂದು ಎದ್ದು ಹೋಗ್ತೀವಿ. ಸುಲಭದ್ದು ಹಾಗಲ್ಲ, ಕೈ ಹಿಡಿದು ಕೂರಿಸುತ್ತೆ.

ಮೊದಲು ಒಳ್ಳೇ ದಿನಗಳ ಮಾತು. 2012ರ ಮಾರ್ಚ್ 12ನೇ ತಾರೀಖು ಸುವರ್ಣ ಚಾನೆಲ್ಲಿನಲ್ಲಿ ‘ಕನ್ನಡದ ಕೋಟ್ಯಧಿಪತಿ’ ಶುರುವಾಯಿತು. ನಡೆಸಿಕೊಟ್ಟವರು ಪುನೀತ್ ರಾಜ್‌ಕುಮಾರ್. ಅದರ ಮೂಲ ಇಂಗ್ಲೆಂಡಿನದು, 1998ರಲ್ಲಿ ಅಲ್ಲಿ ಹುಟ್ಟಿದ ಆಟ. 2000ನೇ ಇಸವಿ ಜುಲೈ 3ಕ್ಕೆ ಅಮಿತಾಭ್ ಬಚ್ಚನ್ ಅದನ್ನು ಹಿಂದಿಗೆ ತಂದಾಗ ನಾನು ಅಂಗನವಾಡಿ ಉಪ್ಪಿಟ್ಟು ತಿನ್ನೋ ಹುಡುಗ. ಆದರೆ ಅಪ್ಪು ಬಂದು ‘ಹಾಟ್ ಸೀಟ್’ ಎದುರಿಗೆ ಕೂತ ಹೊತ್ತಿಗೆ ನಾನು ಮೀಸೆ ಚಿಗುರೋ ಹೈಸ್ಕೂಲ್ ಹುಡುಗ. ಮದ್ದೂರಿಂದ ಭಾರತೀನಗರ ದಾಟಿ ಮಳವಳ್ಳಿ ಕಡೆಗೆ ಹೋಗೋ ರಸ್ತೆಯ ಮಗ್ಗುಲಲ್ಲಿ ನಮ್ಮೂರು. ನಮ್ಮ ಬೀದಿಗೆಲ್ಲ ಎರಡೇ ಡಿಶ್ಶು, ಅದರಲ್ಲಿ ಒಂದು ನಮ್ಮ ಮನೇದು. ಕರೆಂಟ್ ಇದ್ದ ರಾತ್ರಿ ನಮ್ಮ ಹಜಾರ ಟೂರಿಂಗ್ ಟಾಕೀಸ್!

ಅಪ್ಪುವಿನಲ್ಲಿ ಒಂದು ಗುಣವಿತ್ತು. ಎದುರಿಗೆ ಕೂತವನಿಗೆ ಉತ್ತರ ಗೊತ್ತಿಲ್ಲದಿದ್ದರೆ ತಾನೇ ಸೋತವನಂತೆ ಮುಖ ಮಾಡೋರು. ಹಳ್ಳಿಯಿಂದ ಬಂದ ಹೆಣ್ಣುಮಗಳು ನಡುಗುತ್ತಾ ಕೂತರೆ ಮೊದಲು ನೀರು ಕೊಟ್ಟು, ಊರಿನ ಸುದ್ದಿ ಕೇಳಿ, ಆಮೇಲೆ ಪ್ರಶ್ನೆ. ಸಿನಿಮಾದಲ್ಲಿ ಅಷ್ಟು ಹಾರಿ ಬಡಿಯೋ ಮನುಷ್ಯ ಇಲ್ಲಿ ಎಷ್ಟು ಮೆತ್ತಗೆ ಮಾತಾಡ್ತಾರಲ್ಲ ಅಂತ ನಮ್ಮವ್ವನಿಗೆ ಅಚ್ಚರಿ. ಅಪ್ಪ ಓದಿದೋನಲ್ಲ, ಕಬ್ಬಿನ ಗದ್ದೆಯೋನು. ಆದರೂ ಗೋಡೆಗೆ ಒರಗಿ, ಬೀಡಿ ಆರಿದ್ದೂ ತಿಳಿಯದೆ ನೋಡೋನು. ಮಳೆ ನಕ್ಷತ್ರ, ಕಾವೇರಿ, ದೇವರು ದಿಂಡರ ಪ್ರಶ್ನೆ ಬಂದರೆ ಆಯ್ಕೆ ನಾಲ್ಕೂ ಬರೋದಕ್ಕೆ ಮುಂಚೆ ಅಪ್ಪನ ಬಾಯಲ್ಲಿ ಉತ್ತರ. ಸಿನಿಮಾ ಪ್ರಶ್ನೆ ಬಂದರೆ ಎಲ್ಲರ ಕಣ್ಣೂ ನನ್ನ ಕಡೆ. ಯಾವ ಚಿತ್ರ, ಯಾವ ವರ್ಷ, ಸಂಗೀತ ಯಾರದು, ಛಾಯಾಗ್ರಾಹಕ ಯಾರು – ಎಲ್ಲಾ ನಾಲಿಗೆ ತುದೀಲಿ. ‘ಈ ನನ್ಮಗ ಒಂದಿನ ಅಲ್ಲಿ ಕೂತ್ಕತಾನೆ ಕಣ್ರಲಾ’ ಅಂದುಬಿಟ್ಟರು ಪಕ್ಕದ ಮನೆ ಅಜ್ಜ. ಆ ಮಾತು ತಲೆಗೆ ಏರಿತು. ಗಣಿತದಲ್ಲಿ 35 ತೆಗೆಯೋಕೆ ತಿಣುಕಾಡೋ ಹುಡುಗನಿಗೆ ಬುದ್ಧಿವಂತ ಅಂತ ಮೊದಲ ಸಲ ಯಾರೋ ಅಂದಿದ್ದರು.

ಮೊಬೈಲಿನಿಂದ ಉತ್ತರ ಕಳಿಸಿ ಹೆಸರು ನೋಂದಾಯಿಸೋದು ಆಗಿನ ದಾರಿ. ನನಗೆ ವಯಸ್ಸಾಗಿರಲಿಲ್ಲ. ಅದಕ್ಕೆ ಅಪ್ಪನ ಹೆಸರಲ್ಲಿ, ಅಪ್ಪನ ಫೋನಿಂದ ಕಳಿಸಿದೆ. ಅಪ್ಪನಿಗೇ ಹೇಳಲಿಲ್ಲ. ಕರೆ ಬಂದಿದ್ದರೆ ಪಂಚೆ ಉಟ್ಟ ನಮ್ಮಪ್ಪ ಅಪ್ಪು ಎದುರಿಗೆ ಕೂತು, ‘ಸಾಮಿ, ಇದು ನಮ್ಮ ಹೈದನ ಕಿತಾಪತಿ’ ಅನ್ನಬೇಕಾಗಿತ್ತು. ಬರಲಿಲ್ಲ, ಬಿಡಿ.

ಇನ್ನು ಕೆಟ್ಟ ದಿನಗಳು. 2014, ಎರಡನೇ ವರ್ಷದ ಪಿಯುಸಿ. ಆಗ ಕೆಲವು ಚಾನೆಲ್ಲುಗಳಲ್ಲಿ ರಾತ್ರಿ ಊರೆಲ್ಲ ಮಲಗಿದ ಮೇಲೆ ಒಂದು ನಮೂನೆ ಆಟ ಬರೋದು. ನಾನು ಬಿದ್ದ ಚಾನೆಲ್ಲಿನ ಹೆಸರು ಬೇಡ. ತೆರೆ ಮೇಲೆ ಒಂದು ಮುಖ. ಹಣೆ, ಕಣ್ಣು ಒಬ್ಬ ನಟನದು. ಮೂಗಿನ ಕೆಳಗೆ ಇನ್ನೊಬ್ಬನದು. ಇಬ್ಬರನ್ನೂ ಗುರುತಿಸಿ ಫೋನ್ ಮಾಡಿದರೆ ಹತ್ತು ಸಾವಿರ! ಒಂದು ಹುಡುಗಿ ನಿಂತುಕೊಂಡು, ಇನ್ನೇನು ಅತ್ತೇಬಿಡ್ತಾಳೆ ಅನ್ನೋ ಹಾಗೆ, ‘ಯಾರೂ ಫೋನೇ ಮಾಡ್ತಿಲ್ವಲ್ಲ, ಕೊನೇ ಎರಡು ನಿಮಿಷ’ ಅನ್ನೋಳು. ಆ ಎರಡು ನಿಮಿಷ ನಲವತ್ತು ನಿಮಿಷ ನಡೆಯೋದು.

ಆವತ್ತಿನ ಪಟ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಮೇಲೆ ಅಂಬರೀಶ್, ಕೆಂಡದಂಥಾ ಕಣ್ಣು. ಕೆಳಗೆ ಶಂಕರ್‌ನಾಗ್ ಗಡ್ಡ. ಅಂಬರೀಶ್ ಹುಟ್ಟೂರು ದೊಡ್ಡರಸಿನಕೆರೆ ನಮ್ಮ ಮದ್ದೂರು ತಾಲ್ಲೂಕು. ಶಂಕರ್‌ನಾಗ್ ಪಟ ಇಲ್ಲದ ಆಟೋ ಸ್ಟ್ಯಾಂಡ್ ಯಾವುದಿದೆ? ಆದರೆ ಲೈನಿಗೆ ಸಿಕ್ಕೋರು ಏನು ಹೇಳ್ತಿದ್ದರು ಗೊತ್ತೆ? ಒಬ್ಬ ರಜನೀಕಾಂತ್ ಅಂದ. ಒಬ್ಬ ಸಲ್ಮಾನ್ ಖಾನ್ ಅಂದ. ಇನ್ನೊಬ್ಬ ‘ಸಿಲ್ಕ್ ಸ್ಮಿತಾ’ ಅಂತ ಹೇಳಿ ಫೋನ್ ಇಟ್ಟ! ನನ್ನ ರಕ್ತ ಕುದಿಯಿತು. ದುಡ್ಡಿನ ಆಸೆ ಇರಲಿಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಅದಕ್ಕಿಂತ ಜಾಸ್ತಿ ಇದ್ದದ್ದು ಆ ಉರಿ. ಕರ್ನಾಟಕದ ಮಾನ ಹೋಗ್ತಿದೆ, ನಾನೊಬ್ಬನೇ ಉಳಿಸಬೇಕು ಅನ್ನೋ ಹಾಗೆ.

ಫೋನ್ ಮಾಡಿದೆ. ತಕ್ಷಣ ಎತ್ತಿಕೊಂಡರು. ಎತ್ತಿದ್ದು ಮನುಷ್ಯರಲ್ಲ, ರೆಕಾರ್ಡು. ‘ನೀವು ಸಾಲಿನಲ್ಲಿದ್ದೀರಿ, ಕರೆ ಕತ್ತರಿಸಬೇಡಿ.’ ತೆರೆಯ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ನಿಮಿಷಕ್ಕೆ 12 ರೂಪಾಯಿ ಅಂತ ಓಡ್ತಾ ಇತ್ತು. ನಾನು ನೋಡಿದ್ದೆ, ನೋಡಿರಲಿಲ್ಲ ಅನ್ನಲಾರೆ. ಕರೆನ್ಸಿ ಮುಗಿಯೋ ತನಕ ಸಾಲಿನಲ್ಲೇ ಇದ್ದೆ.

ಮಾರನೇ ದಿನ ಮಳವಳ್ಳಿಯಲ್ಲಿ ಕರೆನ್ಸಿ ಹಾಕಿಸಿದೆ. ಆ ರಾತ್ರಿ ಬೇರೆ ಮುಖ, ಅದೇ ಅಳುಮುಖದ ಹುಡುಗಿ. ಅದರ ಮಾರನೇ ದಿನ ಮತ್ತೆ. ಹೀಗೆ ಒಂಬತ್ತು ರಾತ್ರಿ. ದುಡ್ಡು ಎಲ್ಲಿಂದ ಅಂದಿರಾ? ಅಪ್ಪನ ಟ್ರಂಕಿನಲ್ಲಿ ಪಂಚೆ ಮಡಿಕೆಯ ಒಳಗೆ ಕಬ್ಬಿನ ದುಡ್ಡಲ್ಲಿ ಎತ್ತಿಟ್ಟ ನಾಲ್ಕು ಸಾವಿರ ಇತ್ತು, ನನ್ನ ಪರೀಕ್ಷೆ ಫೀಸು, ಟ್ಯೂಷನ್ ಬಾಕಿ. ನೂರು, ಇನ್ನೂರು, ಐನೂರು ಅಂತ ಎತ್ತಿದೆ. ಒಟ್ಟು 2,850 ರೂಪಾಯಿ. ಒಂದೇ ಒಂದು ಸಲ ಆ ಹುಡುಗಿಯ ಜೊತೆ ಮಾತಾಡಲಿಲ್ಲ. ನನ್ನ ಉತ್ತರ ಸರಿಯೋ ತಪ್ಪೋ ಅಂತ ಹೇಳೋರೇ ಇರಲಿಲ್ಲ.

ಫೀಸಿನ ಕೊನೇ ದಿನ ಬಂತು, ದಂಡ ಕಟ್ಟೋ ದಿನವೂ ಬಂತು, ಎರಡೂ ಹೋದವು. ಮನೇಲಿ ‘ಕಟ್ಟಿದೆ’ ಅಂದೆ. ಕಾಲೇಜಿಗೆ ಅಂತ ಹೊರಟು ಮಂಡ್ಯಕ್ಕೆ ಹೋಗಿ ಮ್ಯಾಟ್ನಿ ನೋಡ್ತಿದ್ದೆ. ಪರೀಕ್ಷೆ ಹತ್ತಿರ ಬಂದಾಗ ‘ನನಗೆ ಓದು ಹತ್ತಲ್ಲ’ ಅಂತ ದೊಡ್ಡ ನಾಟಕ ಮಾಡಿದೆ. ಅಪ್ಪ ಬೈಯಲಿಲ್ಲ. ಟ್ರಂಕ್ ತೆಗೆದು ನೋಡಿದ್ದನೋ ಇಲ್ಲವೋ, ಆವತ್ತು ಗೊತ್ತಾಗಲಿಲ್ಲ. ‘ಸರಿ, ಗದ್ದೆಗೆ ನೀರು ಕಟ್ಟು ಬಾ’ ಅಂದ.

ಪಿಯುಸಿ ಬಿಟ್ಟದ್ದಕ್ಕೆ ಟೀವಿ ಒಂದೇ ಕಾರಣ ಅಂತ ಹೇಳಿ ನಾನು ಪಾರಾಗೋದಿಲ್ಲ. ಅಕೌಂಟೆನ್ಸಿ ನನಗೆ ಮೊದಲೇ ಆಗಿಬರುತ್ತಿರಲಿಲ್ಲ. ಆದರೆ ಫೇಲಾಗಿ ಬಿಟ್ಟೋನು ಬೇರೆ, ಫೀಸು ತಿಂದು ಬಿಟ್ಟೋನು ಬೇರೆ.

ಆಮೇಲೆ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡ್ತಾ, ಪತ್ರಿಕೆಗೆ ಚಿಕ್ಕಪುಟ್ಟ ಸುದ್ದಿ ಬರೀತಾ, ಈ ಆಟದ ಹೊಟ್ಟೆಯೊಳಗೆ ಏನಿದೆ ಅಂತ ಓದಿದೆ. ಲೆಕ್ಕ ಸರಳ. ಇದರಲ್ಲಿ ಪ್ರಶ್ನೆ ಸುಲಭ ಇರಲೇಬೇಕು. ಕಷ್ಟವಾದರೆ ನೂರು ಜನ ಫೋನ್ ಮಾಡ್ತಾರೆ, ಸುಲಭವಾದರೆ ಲಕ್ಷ ಜನ. ಸಾಲಿನಲ್ಲಿ ನಿಂತ ಪ್ರತಿಯೊಬ್ಬನ ಮೀಟರೂ ಓಡುತ್ತೆ, ತೆರೆಗೆ ಬರೋನು ಒಬ್ಬ. ನಡುನಡುವೆ ತಪ್ಪು ಉತ್ತರ ಕೇಳಿಸಿದರೆ ಮನೇಲಿ ಕೂತ ಜಾಣನಿಗೆ ಉರಿ ಹತ್ತುತ್ತೆ. ನನಗೆ ಹತ್ತಿತಲ್ಲ ಹಾಗೆ. ಇದು ಬುದ್ಧಿಯ ಪರೀಕ್ಷೆ ಅಲ್ಲ ಸ್ವಾಮಿ, ಲಾಟರಿ. ಲಾಟರಿ ಟಿಕೆಟ್ಟಿಗೆ ಬುದ್ಧಿವಂತ ಅನ್ನೋ ಹೆಸರು ಅಂಟಿಸಿರ್ತಾರೆ.

ದೊಡ್ಡೋರ ಮನೇಲೂ ಈ ಲೆಕ್ಕ ಕೋರ್ಟು ಹತ್ತಿದ್ದುಂಟು. 2007ರಲ್ಲಿ ಶಾರುಖ್ ಖಾನ್ ‘ಕೌನ್ ಬನೇಗಾ ಕರೋಡ್‌ಪತಿ’ ನಡೆಸಿಕೊಟ್ಟಾಗ ಮನೆಯಲ್ಲಿ ಕೂತ ಪ್ರೇಕ್ಷಕರಿಗೂ ಒಂದು ಪ್ರಶ್ನೆ ಇರ್ತಿತ್ತು, ‘ಹರ್ ಸೀಟ್ ಹಾಟ್ ಸೀಟ್’ ಅಂತ. ಒಂದು ಎಸ್ಸೆಮ್ಮೆಸ್ಸಿಗೆ 2 ರೂಪಾಯಿ 40 ಪೈಸೆ. ಸರಿಯುತ್ತರ ಕಳಿಸಿದವರಲ್ಲಿ ಒಬ್ಬನನ್ನು ಎತ್ತಿ 2 ಲಕ್ಷ. ನಾನು ಬೀಡಿ ಪ್ಯಾಕೆಟ್ಟಿನ ಹಿಂದೆ ಲೆಕ್ಕ ಹಾಕಿದೆ – ಎಂಬತ್ತಮೂರು ಸಾವಿರ ಚಿಲ್ಲರೆ ಎಸ್ಸೆಮ್ಮೆಸ್ ಬಂದರೆ ಆ 2 ಲಕ್ಷಕ್ಕೆ ಸಮ. ನಮ್ಮ ದೇಶದ ಜನಸಂಖ್ಯೆ ನಿಮಗೆ ಗೊತ್ತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಇದು ಸರಿಯಲ್ಲ ಅಂತ ಚಾನೆಲ್ಲಿಗೂ ಫೋನ್ ಕಂಪನಿಗೂ ಸೇರಿ 1 ಕೋಟಿ ದಂಡ ಹಾಕಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 2019ರಲ್ಲಿ ಕೋರ್ಟು, ಬಹುಮಾನದ ದುಡ್ಡು ಎಸ್ಸೆಮ್ಮೆಸ್ ದುಡ್ಡಿಂದಲೇ ಬಂತು ಅನ್ನೋದಕ್ಕೆ ಆಧಾರ ಇಲ್ಲ ಅಂತ ಆ ದಂಡ ರದ್ದು ಮಾಡಿತು. ಕಾನೂನಿನ ಪ್ರಕಾರ ಅಲ್ಲಿಗೆ ಮುಗೀತು.

ಇಂಗ್ಲೆಂಡಿನಲ್ಲಿ ಮಾತ್ರ ಬೇರೆ ಥರ ಮುಗೀತು. 2007ರಲ್ಲಿ ಅಲ್ಲಿ ಒಂದಾದ ಮೇಲೊಂದು ಬಯಲಾದವು. ಗೆದ್ದವರನ್ನು ಆಗಲೇ ಆರಿಸಿಟ್ಟ ಮೇಲೂ ಜನರಿಂದ ಫೋನ್ ಮಾಡಿಸ್ತಿದ್ದರು ಅಂತ ಜಿಎಂಟಿವಿಗೆ 20 ಲಕ್ಷ ಪೌಂಡ್ ದಂಡ. ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ನಲ್ಲಿ ಫೋನ್ ಯಂತ್ರ ಕೆಟ್ಟಾಗ, ಸ್ಟುಡಿಯೋ ನೋಡೋಕೆ ಬಂದಿದ್ದ ಒಂದು ಮಗುವಿನ ಕೈಲೇ ‘ನಾನು ಮನೆಯಿಂದ ಮಾತಾಡ್ತಿದ್ದೀನಿ’ ಅನ್ನೋ ಹಾಗೆ ಆಡಿಸಿ ಗೆಲ್ಲಿಸಿದ್ದರು. 50 ಸಾವಿರ ಪೌಂಡ್ ಕಟ್ಟಿದರು. ಮರುವರ್ಷ ಐಟಿವಿಗೆ ಬಿದ್ದದ್ದು 56 ಲಕ್ಷ 75 ಸಾವಿರ ಪೌಂಡ್!

ಆದರೆ ನನ್ನ ಹೊಟ್ಟೆ ಹಿಂಡಿದ್ದು ಅಮೆರಿಕದ ಒಂದು ಹಳೇ ಕಥೆ. ಸಿನಿಮಾ ಹುಚ್ಚರು ನೀವು, ಕೇಳಿ. 1956ರಲ್ಲಿ ಅಲ್ಲಿ ‘ಟ್ವೆಂಟಿ ಒನ್’ ಅಂತ ಟೀವಿ ಕ್ವಿಜ್. ಹರ್ಬರ್ಟ್ ಸ್ಟೆಂಪೆಲ್ ಅಂತ ಒಬ್ಬ ವಾರವಾರ ಗೆಲ್ತಿದ್ದ. ನಿರ್ಮಾಪಕರೇ ಒಳಗಿಂದ ಉತ್ತರ ಕೊಡ್ತಿದ್ದರು. ಆಮೇಲೆ ಅವರಿಗೆ ಚೆಲುವ, ದೊಡ್ಡ ಮನೆತನದ ಮೇಷ್ಟ್ರು ಚಾರ್ಲ್ಸ್ ವ್ಯಾನ್ ಡೋರೆನ್ ಸಿಕ್ಕಿದ. ಸ್ಟೆಂಪೆಲ್‌ಗೆ ‘ನೀನಿನ್ನು ಸೋಲಬೇಕು’ ಅಂದರು. ಯಾವ ಪ್ರಶ್ನೆಗೆ? 1955ರ ಶ್ರೇಷ್ಠ ಚಿತ್ರದ ಆಸ್ಕರ್ ಯಾವುದಕ್ಕೆ ಬಂತು ಅನ್ನೋದಕ್ಕೆ. ಉತ್ತರ ‘ಮಾರ್ಟಿ’. ಅದು ಸ್ಟೆಂಪೆಲ್ ಮೂರು ಸಲ ನೋಡಿ ಮೆಚ್ಚಿದ್ದ ಪಟ! ಗೊತ್ತಿದ್ದೂ ‘ಆನ್ ದಿ ವಾಟರ್‌ಫ್ರಂಟ್’ ಅಂತ ತಪ್ಪು ಹೇಳಿದ. 1959ರಲ್ಲಿ ವ್ಯಾನ್ ಡೋರೆನ್ ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ತಪ್ಪೊಪ್ಪಿಕೊಂಡ. ಇದನ್ನೇ ರಾಬರ್ಟ್ ರೆಡ್‌ಫೋರ್ಡ್ 1994ರಲ್ಲಿ ‘ಕ್ವಿಜ್ ಷೋ’ ಅಂತ ಸಿನಿಮಾ ಮಾಡಿದ. ಸಿಕ್ಕರೆ ನೋಡಿ. ತಾನು ಪ್ರೀತಿಸೋ ಪಟದ ಹೆಸರನ್ನು ಬಾಯಲ್ಲಿ ನುಂಗಿಕೊಂಡು ಕೂತ ಆ ಮನುಷ್ಯನನ್ನು ನೆನೆದಾಗಲೆಲ್ಲ ನನಗೆ ಆ ಒಂಬತ್ತು ರಾತ್ರಿಯ ಫೋನು ಕಿವಿಗೆ ಒತ್ತಿದ ಹಾಗಾಗುತ್ತೆ.

ಎಲ್ಲಾ ಟೀವಿ ಕ್ವಿಜ್ಜೂ ಮೋಸ ಅಂದರೆ ನನ್ನ ನಾಲಿಗೆ ಬಿದ್ದುಹೋಗುತ್ತೆ. ನಮ್ಮ ಚಂದನದಲ್ಲಿ ಡಾ. ನಾ. ಸೋಮೇಶ್ವರ ‘ಥಟ್ ಅಂತ ಹೇಳಿ’ ಶುರು ಮಾಡಿದ್ದು 2002ರ ಜನವರಿಯಲ್ಲಿ. ಅದೇ ವರ್ಷ ಪುನೀತ್ ‘ಅಪ್ಪು’ ಚಿತ್ರದಲ್ಲಿ ಹೀರೋ ಆಗಿ ಬಂದರು, ಅದು ನಿಮಗೆ ನಾನು ಹೇಳಬೇಕಿಲ್ಲ. ಮೂರು ಜನ ಸ್ಪರ್ಧಿಗಳು, ಎದುರಿಗೆ ಒಬ್ಬ ಡಾಕ್ಟರು. ಕೋಟಿ ಇಲ್ಲ, ಮಿಂಚೋ ದೀಪ ಇಲ್ಲ, ಎದೆ ಬಡಿತದ ಸಂಗೀತ ಇಲ್ಲ. ಸರಿಯುತ್ತರಕ್ಕೆ ಬಹುಮಾನ ಒಂದು ಪುಸ್ತಕ! ‘ಇಷ್ಟಕ್ಕೆ ಬೆಂಗಳೂರಿಗೆ ಹೋಗ್ಬೇಕಾ’ ಅಂತ ಮೊದಮೊದಲು ನಾನೂ ನಕ್ಕವನೇ. ಸಾವಿರಾರು ಕಂತು ನಡೆದ ಮೇಲೆ ನಗೋದು ಬಿಟ್ಟೆ. ಅಪ್ಪನಿಗೆ ಈ ಕಾರ್ಯಕ್ರಮ ಅಂದರೆ ಬಲು ಇಷ್ಟ. ಕಾರಣ ಕೇಳಿದರೆ, ‘ತಪ್ಪು ಹೇಳ್ದೋರ್ಗೂ ಯಾಕ್ ತಪ್ಪು ಅಂತ ಹೇಳ್ತರೆ ಕಣ್ಲಾ’ ಅಂದ. ನನಗೆ ಒಂಬತ್ತು ರಾತ್ರಿ ಯಾರೂ ಹೇಳದೇ ಇದ್ದದ್ದು ಅದೇ ತಾನೆ.

ಪುಸ್ತಕ ಬಹುಮಾನ ಅಂದಾಗ ಒಂದು ಪಟ ನೆನಪಾಗದೆ ಇರದು. 1985ರ ‘ಬೆಟ್ಟದ ಹೂವು’, ನಿರ್ದೇಶನ ಎನ್. ಲಕ್ಷ್ಮೀನಾರಾಯಣ್. ಹತ್ತು ವರ್ಷದ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದ ಚಿತ್ರ. ಬಡತನಕ್ಕೆ ಸಿಕ್ಕಿ ಶಾಲೆ ಬಿಟ್ಟ ಹುಡುಗ ರಾಮು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕು ಅಂತ ಬೆಟ್ಟ ಹತ್ತಿ ಹೂವು ಕಿತ್ತು ತಂದು ಮಾರಿ ದುಡ್ಡು ಕೂಡಿಡ್ತಾನೆ. ಕೊನೆಗೆ ಪುಸ್ತಕ ಕೊಳ್ಳದೆ ಮನೆಯೋರಿಗೆ ಹೊದೆಯೋಕೆ ಕಂಬಳಿ ತರ್ತಾನೆ. ನಾನು ಓದು ಬಿಟ್ಟ ವರ್ಷ ಈ ಪಟವನ್ನ ಟೀವೀಲಿ ಮತ್ತೆ ನೋಡಿದೆ. ಅವನು ಕೂಡಿಟ್ಟ ಕಾಸನ್ನ ಮನೆಗೆ ತಂದ, ನಾನು ಮನೆ ಕಾಸನ್ನ ಫೋನಿಗೆ ಸುರಿದೆ. ಅರ್ಧಕ್ಕೆ ಎದ್ದು ಹೊರಗೆ ಹೋದೆ. ಅವ್ವ ‘ಯಾಕ್ಲಾ’ ಅಂದಳು. ‘ಸೊಳ್ಳೆ’ ಅಂದೆ.

ಕೋಟ್ಯಧಿಪತಿ ಆಮೇಲೂ ಬಂತು. 2013ರಲ್ಲಿ ಎರಡನೇ ಸಲ, 2018ರಲ್ಲಿ ರಮೇಶ್ ಅರವಿಂದ್ ಕೂತರು, 2019ರಲ್ಲಿ ಮತ್ತೆ ಅಪ್ಪು. ಆಮೇಲೆ 2021ರ ಅಕ್ಟೋಬರ್ 29. ಆವತ್ತು ಮಂಡ್ಯದಿಂದ ಮಳವಳ್ಳಿ ತನಕ ಪ್ರತಿ ಊರ ಬಾಗಿಲಲ್ಲಿ ಒಂದು ಪಟ, ಪಟಕ್ಕೊಂದು ಹಾರ. ಅದರ ಬಗ್ಗೆ ಇಲ್ಲಿ ಬರೆಯೋದಿಲ್ಲ. ನೀವೂ ಆವತ್ತು ಎಲ್ಲೋ ನಿಂತಿದ್ದಿರಿ.

ಮರುವರ್ಷ, 2022ರ ಗೌರಿ ಗಣೇಶದಲ್ಲಿ ನಮ್ಮೂರ ಹುಡುಗರು ಬಂದು, ‘ಅಣ್ಣ, ಆರ್ಕೆಸ್ಟ್ರಾಗೆ ದುಡ್ಡಿಲ್ಲ, ಅಪ್ಪು ಹೆಸರಲ್ಲಿ ಕ್ವಿಜ್ ಮಾಡ್ಸು’ ಅಂದರು. ಪೆಂಡಾಲ್ ಮುಂದೆ ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ನಾನೇ ಪ್ರಶ್ನೆ ಕೇಳೋನು. ಬಹುಮಾನ ನೋಟ್‌ಬುಕ್ಕು, ಕಥೆ ಪುಸ್ತಕ, ತಪ್ಪು ಹೇಳಿದೋರಿಗೂ ಒಂದು ಮದ್ದೂರು ವಡೆ. ಲೈಫ್‌ಲೈನ್ ಒಂದೇ, ಜನರನ್ನ ಕೇಳಬಹುದು. ಸಿನಿಮಾ ಪ್ರಶ್ನೆಗಳಿಗೆ ಹುಡುಗರು ನನ್ನ ಬಾಯಿ ಮುಚ್ಚೋ ಮುಂಚೆ ಉತ್ತರ ಒಗೆದರು. ಊರಿನ ಪ್ರಶ್ನೆಗೆ ತಡವರಿಸಿದರು. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ಕರೆಂಟು 1902ರಲ್ಲಿ ಎಲ್ಲಿಗೆ ಹೋಯಿತು ಅಂದರೆ ‘ಬೆಂಗಳೂರಿಗೆ’ ಅಂದರು. ಕೋಲಾರದ ಚಿನ್ನದ ಗಣಿಗೆ ಕಣ್ರಪ್ಪ ಅಂತ ಹೇಳಿ ವಡೆ ಕೊಟ್ಟೆ. ಆಮೇಲೆ ಕೇಳಿದೆ: 1938ರಲ್ಲಿ ನಮ್ಮ ಮದ್ದೂರು ಹತ್ತಿರ ಧ್ವಜ ಸತ್ಯಾಗ್ರಹ ನಡೆದ ಊರು ಯಾವುದು? ಕುರ್ಚಿ ಮೇಲಿದ್ದ ಹುಡುಗ ತಲೆ ಕೆರೆದ, ಲೈಫ್‌ಲೈನ್ ಅಂದ. ಜನ ಗುಸುಗುಸು. ಹಿಂದಿನ ಸಾಲಿನಲ್ಲಿ ಟವಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದ ನಮ್ಮಪ್ಪ, ‘ಶಿವಪುರ’ ಅಂದ. ಅಷ್ಟೇ. ಚಪ್ಪಾಳೆ ಬಿತ್ತು. ಅಪ್ಪನಿಗೆ ನಾಚಿಕೆಯಾಗಿ ಬೀಡಿ ಹಚ್ಚೋ ನೆಪದಲ್ಲಿ ಆ ಕಡೆ ತಿರುಗಿದ.

ರಾತ್ರಿ ಹನ್ನೊಂದಾಗಿತ್ತು, ಕುರ್ಚಿ ಮೈಕು ವಾಪಸ್ ಕೊಟ್ಟು ಇಬ್ಬರೂ ನಡಕೊಂಡು ಹೊರಟೆವು. ನಾಲೆ ಏರಿ ಮೇಲೆ ಕತ್ತಲು. ಅಪ್ಪ ಮುಂದೆ, ನಾನು ಹಿಂದೆ. ಚೆನ್ನಾಗಿ ನಡೆಸಿದೆ ಅಂತಾನೇನೋ ಅಂತ ನಾನು ಕಾಯ್ತಿದ್ದೆ. ತೂಬಿನ ಹತ್ತಿರ ನಿಂತ.

‘ಆವತ್ತು ರಾತ್ರೆಲ್ಲ ಕೂತ್ಕಂಡು ಫೋನು ಹಚ್ತಿದ್ದಲ್ಲ, ಆ ಪಟದಾಗಿದ್ದೋನು ಯಾರ್ಲಾ?’

ಎಂಟು ವರ್ಷ ಆಗಿತ್ತು. ಗಂಟಲಲ್ಲಿ ಮಾತು ಹೊರಡೋಕೆ ಸ್ವಲ್ಪ ಹೊತ್ತು ಹಿಡೀತು.

‘ಮೇಲ್ಗಡೆ ಅಂಬರೀಶಣ್ಣ, ಕೆಳಗಡೆ ಶಂಕ್ರಣ್ಣ ಕಣಪ್ಪ’ ಅಂದೆ.

‘ಅಂಗೇ ಅಂದ್ಕಂಡಿದ್ದೆ’ ಅಂದ ಅಪ್ಪ. ಪಂಚೆ ಎತ್ತಿ ಕಟ್ಟಿಕೊಂಡು ಮುಂದೆ ನಡೆದ.